ಸೌಂದರ್ಯಮೀಮಾಂಸೆಗೆ ಸಮಯದ ಅಭಾವ

ನನ್ನ ಮೊಮ್ಮಗಳು ಬೆಳಿಗ್ಗೆ ಹಾಲು ಕುಡಿಯುವ ಮಗ್ಗಿನ ಮೇಲೆ ನನ್ನ ಗುರುಗಳ ಒಂದು ವಾಕ್ಯ ಹೊಂಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿದೆ. ಯಾವುದು ಯಾವ ಉಪಯೋಗಕ್ಕೂ ಒದಗುವುದಿಲ್ಲವೋ ಅದು ಮಾತ್ರ ಸುಂದರ ಎಂಬುದು ಅದರ ತಾತ್ಪರ್ಯ. ಇಂಥ ಮಾತನ್ನು ಹಾಲು ಕುಡಿಯುವ ಪಾತ್ರೆಯ ಮೇಲೆ ಅಚ್ಚು ಹಾಕಿಸಲು ಅಸಾಮಾನ್ಯ ಧೈರ್ಯ ಬೇಕು. ಅಥವಾ ಹಾಕಿಸುವಾಗ ಅದನ್ನು ಓದದೆ ಇರುವ ಶಕ್ತಿ ಬೇಕು. ಗಲ್ಫಿನ ಈ ದ್ವೀಪದ ಕನ್ನಡ ಸಂಘವೊಂದರ ಸಾಂಸ್ಕೃತಿಕ ಸಮಿತಿಯಲ್ಲಿ ಈ ಎರಡನೆಯ ಶಕ್ತಿ ಧಾರಾಳವಾಗಿದೆ.

"ಅಜ್ಜಾ, ಮಗ್ ಯೂಸ್‌ಫುಲ್ ಅಲ್ವಾ? ಹಾಗಿದ್ರೆ ಇದು ಅಗ್ಲಿಯಾ?" ಎಂದು ಮೊಮ್ಮಗಳು ಕೇಳಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ವಾಕ್ಯವನ್ನು ನಾನೇ ಓದಿ ಹೇಳಿದ್ದೆ. ಕನ್ನಡ ಓದಲು ಬರುವ ಹದಿನೈದು ಮಂದಿಯ ಸಮಿತಿಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದದ್ದಕ್ಕೆ ಸಂತೋಷಪಡಬೇಕೋ ಸಮಿತಿಗಾಗಿ ಮರುಗಬೇಕೋ ತಿಳಿಯದೆ, ಬುಸೈತೀನಿನ ನಮ್ಮ ಫ್ಲಾಟಿನ ಕಿಟಕಿಯಲ್ಲಿ ನಿಂತು ಆಚೆ ದಡದ ಮನಾಮದ ಕಟ್ಟಡಗಳನ್ನು ನೋಡುತ್ತ ಉಳಿದೆ.

ಗುರುಗಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಒಂದು ವಾರದೊಳಗೆ ಅವರ ಹೆಸರಿನಲ್ಲಿ ಪ್ರತಿಷ್ಠಾನವೊಂದು ಹುಟ್ಟಿ, ಅದರ ಅಧ್ಯಕ್ಷ ಪದವಿಗೆ ಇಬ್ಬರು ಹೊಡೆದಾಡಿಕೊಳ್ಳುತ್ತಾರೆ. ಅವರು ಕರಾವಳಿಯ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು, ಸೌಂದರ್ಯ ಮತ್ತು ಕಲೆಯ ಕುರಿತು ಜೀವಮಾನವಿಡೀ ಯೋಚಿಸಿದವರು, ಮತ್ತು ಯೋಚಿಸುತ್ತ ಯೋಚಿಸುತ್ತ ತಮ್ಮ ಮಾತನ್ನು ತಾವೇ ಎರಡು ಬಾರಿ ಅಲ್ಲಗಳೆದವರು ಎಂದಷ್ಟು ತಿಳಿದರೆ ಸಾಕು. ಅವರ ವಿಚಾರಗಳು ಯಾವಾಗ ಯಾವ ತಿರುವು ಪಡೆದವು ಎಂದು ಕಾಲಾನುಕ್ರಮಣಿಕೆ ಸಿದ್ಧಪಡಿಸುವುದರಲ್ಲಿ ನನ್ನ ಸಂಶೋಧನೆಯ ಆಯುಷ್ಯ ಕಳೆಯಿತು. ಇಸವಿಗಳನ್ನು ಇಲ್ಲಿ ಕೊಡುತ್ತಿಲ್ಲ. ಅವರ ಮೊದಲ ಸಂಗ್ರಹದ ಮುಖಪುಟದ ಹಿಂದಿರುವ ವರ್ಷಕ್ಕೂ ಮುನ್ನುಡಿಯ ಕೆಳಗಿರುವ ವರ್ಷಕ್ಕೂ ಹೊಂದಾಣಿಕೆಯಿಲ್ಲ. ಹೊಂದದ ವರ್ಷವನ್ನು ಬರೆಯುವುದಕ್ಕಿಂತ ಬರೆಯದಿರುವುದು ಲೇಸು.

ಈ ತಿಥಿವಾರಗಳ ರೋಗ ನನಗೆ ಅಂಟಿದ್ದು ಎಳವೆಯಲ್ಲಿ. ನಮ್ಮ ಊರಿನಲ್ಲಿ ಹೊಳೆಯ ದಡಕ್ಕೆ ಸಾಲಾಗಿ ಹಂಚಿನ ಕಾರ್ಖಾನೆಗಳಿದ್ದವು. ನಾನು ಹುಟ್ಟಿದ್ದು ಯಾವಾಗ ಎಂದು ಅಜ್ಜಿಯನ್ನು ಕೇಳಿದರೆ, ಕಾರ್ಖಾನೆಯ ಚಿಮಣಿ ಬಿದ್ದ ವರ್ಷ ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ವಿಚಾರಿಸಿದಾಗ, ಬಿದ್ದ ಚಿಮಣಿಗಳು ಎರಡು ಎಂದೂ ಅವುಗಳ ನಡುವೆ ವರ್ಷಗಳ ಅಂತರವಿದೆ ಎಂದೂ ತಿಳಿಯಿತು. ಅಂದಿನಿಂದ ಇಂದಿನವರೆಗೆ ಯಾರಾದರೂ ಒಂದು ದಿನಾಂಕ ಹೇಳಿದರೆ, ಯಾವ ಚಿಮಣಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಮದುವೆಯ ಕರೆಯೋಲೆ ಬಂದರೆ ಮೊದಲು ವಾರ ಮತ್ತು ತಾರೀಖು ತಾಳೆಯಾಗುತ್ತವೆಯೇ ಎಂದು ನೋಡಿ, ಆಮೇಲೆ ಮದುಮಕ್ಕಳ ಹೆಸರು ಓದುತ್ತೇನೆ. ಇಲ್ಲಿಗೆ ಬಂದ ಮೇಲೆ ಪತ್ರಿಕೆಯ ನೆತ್ತಿಯ ಮೇಲಿನ ಹಿಜರಿ ತಾರೀಖನ್ನೂ ಪರಿಶೀಲಿಸುವ ಕೆಲಸ ಸೇರಿಕೊಂಡಿದೆ. ಮಗಳು ಇದನ್ನು ನಿವೃತ್ತರ ವ್ಯಾಯಾಮ ಎನ್ನುತ್ತಾಳೆ.

ಗುರುಗಳ ಮೊದಲ ಘಟ್ಟದ ವಿಚಾರವೇ ಮಗ್ಗಿನ ಮೇಲಿರುವುದು. ಆಗ ಅವರಿಗೆ ಹರೆಯ, ಹೊಸದಾಗಿ ಮದುವೆಯಾಗಿತ್ತು. ಹೊಟ್ಟೆ ತುಂಬಿಸುವುದು, ಮೈ ಮುಚ್ಚುವುದು, ಮಳೆ ತಡೆಯುವುದು, ಇವೆಲ್ಲ ಅಗತ್ಯದ ಲೋಕಕ್ಕೆ ಸೇರಿದವು, ಕಲೆಗೆ ಅಲ್ಲಿ ಪ್ರವೇಶವಿಲ್ಲ ಎಂದು ಪುರಭವನದ ಉಪನ್ಯಾಸದಲ್ಲಿ ಸಾರಿದರು. ದೃಷ್ಟಾಂತ ಬೇಕಾಯಿತು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ತಮ್ಮ ಪತ್ನಿ ಹೊಲಿದ ಹೊದಿಕೆಯನ್ನು ಎತ್ತಿಕೊಂಡರು. ಅದು ಚಳಿಗೆ ಹೊದೆಯಲು ಬಹಳ ಒಳ್ಳೆಯದು, ಆದ್ದರಿಂದಲೇ ನೋಡಲು ಯೋಗ್ಯವಲ್ಲ ಎಂದರು. ಸಭೆ ನಕ್ಕಿತು. ಪತ್ನಿ ಶಾರದಕ್ಕ ಮೊದಲ ಸಾಲಿನಲ್ಲಿ ಕುಳಿತಿದ್ದರು.

ಸಭೆ ನಕ್ಕದ್ದು ಅಂದಿಗೆ ಮುಗಿಯಲಿಲ್ಲ. ಆ ವಾಕ್ಯ ಪಠ್ಯಪುಸ್ತಕ ಸೇರಿತು, ಭಾಷಣಸ್ಪರ್ಧೆ ಸೇರಿತು, ಬಟ್ಟೆಯಂಗಡಿಯ ಕ್ಯಾಲೆಂಡರು ಸೇರಿತು. ಮನೆಗೆ ಹೋದ ನಮ್ಮಂಥ ವಿದ್ಯಾರ್ಥಿಗಳಿಗೆ ಶಾರದಕ್ಕ ಚಾ ಕೊಡುವಾಗ, "ತಗೊಳ್ಳಿ. ನಿಮ್ಮ ಸರ್ ಪ್ರಕಾರ ನಾನು ಉಪಯೋಗಕ್ಕೆ ಬರುವವಳು. ಹಾಗಾಗಿ ಚಂದ ಇರ್ಲಿಕ್ಕೆ ಸಾಧ್ಯ ಇಲ್ಲ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಗುರುಗಳು ಚಾದ ಲೋಟದೊಳಗೆ ನೋಡುತ್ತಿದ್ದರು.

ಎರಡನೆಯ ಘಟ್ಟದಲ್ಲಿ ಅವರು ತಮ್ಮ ಮಾತನ್ನು ತಿರುಗಿಸಿದರು. ಮಾಡಬೇಕಾದ ಕೆಲಸವನ್ನು ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲದೆ ಮಾಡುವ ವಸ್ತುವೇ ಸುಂದರ. ಹಂಚಿನ ತೋಡು ಮಳೆನೀರನ್ನು ಸಾಗಿಸುವುದರಲ್ಲೇ ಅದರ ಚೆಲುವಿದೆ ಎಂದರು. ಈ ತಿರುವಿನ ಮೇಲೆ ನಾಲ್ಕು ಮಹಾಪ್ರಬಂಧಗಳು ಬಂದಿವೆ. ನಾಲ್ಕರಲ್ಲೂ ಇದಕ್ಕೆ ಪಶ್ಚಿಮದ ಪ್ರಭಾವ ಕಾರಣವೆಂದಿದೆ. ಯಾವ ಪ್ರಭಾವ, ಯಾವ ಹಡಗಿನಲ್ಲಿ ಬಂತು ಎಂದು ನಾಲ್ಕರಲ್ಲೂ ಇಲ್ಲ. ಮೂರನೆಯ ಪ್ರಬಂಧದಲ್ಲಿರುವ ಅಕ್ಷರದೋಷಗಳು ಒಂದನೆಯದರಲ್ಲೂ ಅದೇ ಸ್ಥಳಗಳಲ್ಲಿ ಇರುವುದನ್ನು ಮಾತ್ರ ನಾನು ತಾಳೆ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಪ್ರಭಾವ ಎಂದರೆ ಏನೆಂದು ಆ ವಿದ್ವಾಂಸರಿಗೆ ಸ್ವಾನುಭವದಿಂದ ಗೊತ್ತಿತ್ತು.

ಮೂರನೆಯ ಘಟ್ಟ ಮುಪ್ಪಿನದು. ಅದನ್ನು ಅವರು ಎಲ್ಲಿಯೂ ಅಚ್ಚು ಮಾಡಿಸಲಿಲ್ಲ. ಸೌಂದರ್ಯವಿರುವುದು ವಸ್ತುವಿನಲ್ಲೂ ಅಲ್ಲ, ಉಪಯೋಗದಲ್ಲೂ ಅಲ್ಲ. ಕಂಡವನು ಕಂಡದ್ದನ್ನು ಒಬ್ಬನೇ ಇಟ್ಟುಕೊಳ್ಳಲಾರದೆ ಪಕ್ಕದವರನ್ನು ಕರೆಯುತ್ತಾನಲ್ಲ, ಆ ಕರೆಯಲ್ಲಿ ಸೌಂದರ್ಯವಿದೆ, ಆ ಕರೆಯನ್ನು ಸ್ವಲ್ಪ ಹೆಚ್ಚು ಕಾಲ ಉಳಿಯುವಂತೆ ಮಾಡುವುದೇ ಕಲೆ ಎಂಬುದು ಅವರ ಕೊನೆಯ ನಿಲುವು. ಇದನ್ನು ನಾನು ಕೇಳಿದ್ದು ಈ ದ್ವೀಪದ ಪಡುವಣ ಅಂಚಿನ ಬುದಯ್ಯದಲ್ಲಿ. ಗುರುಗಳ ಮಗ ಅಲ್ಲಿ ಮನೆ ಮಾಡಿದ್ದಾನೆ. ಸುತ್ತ ಖರ್ಜೂರದ ತೋಟಗಳು, ಸ್ವಲ್ಪ ನಡೆದರೆ ಸಮುದ್ರ. ಗುರುಗಳೂ ಶಾರದಕ್ಕನೂ ಚಳಿಗಾಲ ಕಳೆಯಲು ಬಂದಿದ್ದರು. ಶುಕ್ರವಾರಗಳಲ್ಲಿ ನಾನು ಹೋಗುತ್ತಿದ್ದೆ.

ಅಂಥ ಒಂದು ಶುಕ್ರವಾರ, ಶಾರದಕ್ಕ ಒಳಗಿದ್ದಾಗ, ಗುರುಗಳು ಸ್ವರ ತಗ್ಗಿಸಿ ಹೇಳಿದರು: "ನೋಡು, ಆ ಮೊದಲಿನ ಮಾತನ್ನು ನಾನು ವಾಪಸ್ ತಗೊಳ್ಬೇಕು."

"ಎರಡನೆಯ ಸಂಗ್ರಹದಲ್ಲಿ ತೆಗೆದುಕೊಂಡಿದ್ದೀರಲ್ಲ ಸರ್. ಏಳನೆಯ ಪ್ರಬಂಧ."

"ಅದನ್ನು ಓದಿದ್ದು ನೀನು ಮತ್ತು ಪ್ರೂಫ್ ನೋಡಿದವ. ಅವಳನ್ನು ನಾನು ಸಭೆಯಲ್ಲಿ ನಗೆಪಾಟಲು ಮಾಡಿದ್ದು. ಸಭೆಯಲ್ಲಿ ಆದದ್ದು ಸಭೆಯಲ್ಲೇ ಸರಿ ಆಗ್ಬೇಕು. ಅವಳು ಎದುರಿಗೆ ಕೂತಿರ್ಬೇಕು."

"ಅವರು ತಮಾಷೆಯಾಗಿ ತೆಗೆದುಕೊಂಡಿದ್ದಾರೆ."

"ಅರವತ್ತು ವರ್ಷ ಒಂದೇ ತಮಾಷೆ ಯಾರೂ ಮಾಡುದಿಲ್ಲ ಮಾರಾಯ" ಎಂದರು ಗುರುಗಳು.

ಸಭೆಗಳಿಗೆ ನಮ್ಮವರಲ್ಲಿ ಬರವಿಲ್ಲ. ಸಂಘದ ಕಾರ್ಯದರ್ಶಿ ಸುಕೇಶ, ಹಮದ್ ಟೌನ್ ಎಂಬಲ್ಲಿ ಇರುವವನು, ಹೋಟೆಲೊಂದರ ಆಡಳಿತ ವಿಭಾಗದಲ್ಲಿ ಕೆಲಸ, ಉಳಿದ ಹೊತ್ತಿನಲ್ಲಿ ಕನ್ನಡವನ್ನು ಉಳಿಸುತ್ತಾನೆ. ಗುರುಗಳಿಗೆ ತೊಂಬತ್ತು ತುಂಬಿದ ಸಮಾರಂಭ ಮಾಡುವುದೆಂದು ಅವನೇ ಉತ್ಸಾಹದಿಂದ ಹೊರಟ. ಗುರುಗಳ ಹುಟ್ಟಿದ ದಿನ ಜೂನ್ ಒಂದು ಎಂದು ಕಾಗದಪತ್ರದಲ್ಲಿದೆ. ನಮ್ಮ ಪೀಳಿಗೆಯವರೆಲ್ಲ ಶಾಲೆಗೆ ಸೇರಿಸಿದ ಹೆಡ್‌ಮಾಸ್ತರರ ಕೃಪೆಯಿಂದ ಜೂನ್ ಒಂದರಂದೇ ಹುಟ್ಟಿದವರು. ಕನ್ನಡನಾಡಿನ ತಾಯಂದಿರು ವರ್ಷದ ಉಳಿದ ದಿನಗಳಲ್ಲಿ ಹೆರುತ್ತಲೇ ಇರಲಿಲ್ಲವೇನೋ ಎಂದು ಮುಂದಿನ ಇತಿಹಾಸಕಾರರು ಬೆರಗಾಗಬಹುದು. ಜಾತಕದ ಪ್ರಕಾರ ಗುರುಗಳಿಗೆ ತೊಂಬತ್ತು ತುಂಬಿ ವರ್ಷ ಕಳೆದಿದೆ ಎಂದು ನಾನು ಸುಕೇಶನಿಗೆ ತಿಳಿಸಿದೆ.

"ಖಲ್ಲಿವಲ್ಲಿ ಮಾಡಿ ಸರ್" ಎಂದ. ಹೋಗಲಿ ಬಿಡಿ ಎಂಬುದಕ್ಕೆ ಈ ದ್ವೀಪದಲ್ಲಿ ನಾವೆಲ್ಲ ಕಲಿತಿರುವ ಮೊದಲ ಅರಬ್ಬಿ ಮಾತು ಅದು. "ಹಾಲ್ ಬುಕ್ ಆಗಿದೆ. ಬಂದವರಿಗೆಲ್ಲ ಕೊಡ್ಲಿಕ್ಕೆ ಮಗ್ಗಿಗೂ ಆರ್ಡರ್ ಕೊಟ್ಟಾಯ್ತು."

"ಗುರುಗಳಿಗೆ ಮಾತಾಡಲು ಎಷ್ಟು ಹೊತ್ತು ಕೊಡುತ್ತೀರಿ?"

"ಎಷ್ಟು ಬೇಕಾದ್ರೂ ಮಾತಾಡ್ಲಿ ಸರ್. ಅವರದ್ದೇ ಪ್ರೋಗ್ರಾಮ್ ಅಲ್ವಾ."

ಈ ಮಾತನ್ನು ನಾನು ನಂಬಿದೆ. ಗುರುಗಳಿಗೆ ತಿಳಿಸಿದೆ. ಅವರು ಎರಡು ವಾರ ಕುಳಿತು ತಮ್ಮ ಮಾತನ್ನು ತಿದ್ದಿ ತಿದ್ದಿ, ಕೊನೆಗೆ ಕೆಲವೇ ವಾಕ್ಯಗಳಿಗೆ ಇಳಿಸಿದರು.

ಸಮಾರಂಭದ ಮುಖ್ಯ ಆಕರ್ಷಣೆ ಗುರುಗಳಲ್ಲ, ಅವರ ವಿಚಾರವಿಕಾಸವನ್ನು ಕುರಿತ ನೃತ್ಯರೂಪಕ. ಸೌಂದರ್ಯಮೀಮಾಂಸೆಯನ್ನು ಮಕ್ಕಳಿಂದ ಕುಣಿಸಬಹುದೆಂಬ ವಿಚಾರ ಜಗತ್ತಿನ ಯಾವ ದಾರ್ಶನಿಕನಿಗೂ ಬಂದ ದಾಖಲೆಯಿಲ್ಲ. ತಾಲೀಮು ನೋಡಲು ಸುಕೇಶ ನನ್ನನ್ನು ಹಮದ್ ಟೌನಿಗೆ ಕರೆಸಿಕೊಂಡ. ಅಲ್ಲಿಯ ರೌಂಡಬೌಟುಗಳಲ್ಲಿ ಅಳಿಯ ಕಾರನ್ನು ಸುತ್ತಿಸುತ್ತಿದ್ದಾಗ, ಇವನ್ನು ದಾಟಿ ಬಂದವರು ಯಾವ ವಿಚಾರವನ್ನೂ ನೇರವಾಗಿ ಮುಂದಕ್ಕೆ ಒಯ್ಯಲಾರರು ಎಂಬ ಸಂಶಯ ನನ್ನಲ್ಲಿ ಮೂಡಿತ್ತು. ಅದು ನಿಜವಾಯಿತು. ರೂಪಕದಲ್ಲಿ ಮೂರನೆಯ ಘಟ್ಟ ಮೊದಲು ಬರುತ್ತಿತ್ತು, ಎರಡನೆಯದು ನಡುವೆ, ಮೊದಲನೆಯದು ಕೊನೆಗೆ.

"ಇದು ತಲೆಕೆಳಗಾಗಿದೆ ಸುಕೇಶ. ಅವರು ಬಿಟ್ಟುಬಿಟ್ಟ ಮಾತಿನಲ್ಲಿ ರೂಪಕ ಮುಗಿಯುತ್ತದೆ."

"ಗೊತ್ತುಂಟು ಸರ್. ಆದ್ರೆ ಲಾಸ್ಟಿಗೆ ಎಲ್ಲ ಮಕ್ಕಳೂ ಸ್ಟೇಜಿನಲ್ಲಿ ಬೇಕು. ಗ್ರೂಪ್ ಫೋಟೋ ಆಗ್ಬೇಕಲ್ಲ. ನೀವು ಹೇಳಿಕೊಟ್ಟ ಮೂರನೇದ್ರಲ್ಲಿ ಇಬ್ಬರೇ ಇರುದು, ಒಬ್ಬ ಕರೆಯುದು, ಒಬ್ಬ ಬರುದು. ಉಳಿದ ಮಕ್ಕಳ ಅಪ್ಪ ಅಮ್ಮ ನನ್ನನ್ನು ಬಿಟ್ಟಾರಾ?"

"ಮೊದಲನೆಯ ಘಟ್ಟದಲ್ಲಿ ಅಷ್ಟು ಮಕ್ಕಳಿಗೆ ಏನು ಕೆಲಸ?"

"ತಾವರೆ ಸರ್. ಎಲ್ಲರೂ ತಾವರೆ. ಹೊಗೆ ಬಿಡ್ತೇವೆ."

ಅರ್ಧ ಶತಮಾನದ ಚಿಂತನೆಯೊಂದು ಹಿಮ್ಮುಖವಾಗಿ ಚಲಿಸುವುದಕ್ಕೆ ಇತಿಹಾಸದಲ್ಲಿ ಹಲವು ಕಾರಣಗಳಿರಬಹುದು. ಗ್ರೂಪ್ ಫೋಟೋ ಅವುಗಳಲ್ಲಿ ಒಂದೆಂದು ನನಗೆ ಅಂದು ತಿಳಿಯಿತು. ಈ ಪದ್ಧತಿ ನಮ್ಮ ಸಂಘಗಳಲ್ಲಿ ಶಾಸ್ತ್ರಕ್ಕಿಂತ ಬಲವಾದದ್ದು. ರಾಮಾಯಣವಾಡಿದರೂ ಪಟ್ಟಾಭಿಷೇಕಕ್ಕೆ ರಾವಣ, ಮಾರೀಚ, ಶೂರ್ಪನಖಿಯರೆಲ್ಲ ಬಂದು ಮುಂದಿನ ಸಾಲಿನಲ್ಲಿ ನಗುತ್ತ ನಿಲ್ಲುತ್ತಾರೆ. ಅವರ ತಾಯಂದಿರು ಕೆಳಗಿನಿಂದ ಮೊಬೈಲು ಎತ್ತಿರುತ್ತಾರೆ.

ಇರಲಿ, ರೂಪಕ ಹೇಗಾದರೂ ಹಾಳಾಗಲಿ, ಕೊನೆಗೆ ಗುರುಗಳ ಮಾತು ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಆ ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಎರಡೂ ಬದಿಗೆ ಅಲಮಾರುಗಳಷ್ಟು ಎತ್ತರದ ಸ್ಪೀಕರುಗಳು. ನಿರೂಪಣೆಗೆ ಬೆಂಗಳೂರು ಕಡೆಯ ಒಬ್ಬ ಹೆಣ್ಣುಮಗಳು. ಅವಳು ಪ್ರತಿಯೊಬ್ಬರಿಗೂ ಬಿಗ್ ಹ್ಯಾಂಡ್ ಕೇಳುತ್ತಿದ್ದಳು, ನೀರಿನ ಬಾಟಲಿ ತಂದಿಟ್ಟವನಿಗೂ ಕೇಳಿದಳು. ಸ್ವಾಗತ, ಪ್ರಸ್ತಾವನೆ, ದೀಪ, ಪ್ರಾಯೋಜಕರಿಗೆ ಹೂಗುಚ್ಛ. ಮುಖ್ಯ ಅತಿಥಿ ಕಟ್ಟಡ ಗುತ್ತಿಗೆಯ ದೊಡ್ಡ ವ್ಯವಹಾರಸ್ಥರು. ತಾವು ಈ ಮರಳುನಾಡಿಗೆ ಬರಿಗೈಯಲ್ಲಿ ಬಂದದ್ದರಿಂದ ಆರಂಭಿಸಿ, ಬರಿಗೈ ಹೇಗೆ ತುಂಬಿತು ಎಂಬುದನ್ನು ಒಂದು ಕಟ್ಟಡವನ್ನೂ ಬಿಡದೆ ವಿವರಿಸಿದರು. ಸೌಂದರ್ಯದ ಬಗ್ಗೆ ಅವರು ಹೇಳಿದ್ದು, ಬಾತ್‌ರೂಮ್ ಟೈಲ್ಸ್ ಆರಿಸುವಾಗ ತಮ್ಮ ಪತ್ನಿಯ ಅಭಿರುಚಿಯನ್ನು ಎಲ್ಲರೂ ಮೆಚ್ಚುತ್ತಾರೆ ಎಂದು. ಆ ಸಂಜೆಯ ಭಾಷಣಗಳಲ್ಲಿ ವಿಷಯಕ್ಕೆ ಅತ್ಯಂತ ಹತ್ತಿರ ಬಂದ ಮಾತು ಅದೇ.

ಆಮೇಲೆ ರೂಪಕ. ತಾವರೆಗಳು ಅರಳಿದವು, ಹೊಗೆ ಬಂತು, ಒಂದು ಸಣ್ಣ ತಾವರೆ ಕೆಮ್ಮುತ್ತ ಅಳತೊಡಗಿತು, ಫೋಟೋ ಆಯಿತು. ಗುರುಗಳು ಎಂದೋ ತೊರೆದುಬಂದ ವಾಕ್ಯವನ್ನು ಹಿನ್ನೆಲೆಯ ಕಂಠವೊಂದು ಮೂರು ಬಾರಿ ಸಾರಿತು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಇನ್ನು ಸನ್ಮಾನ. ನಮ್ಮಲ್ಲಿ ಗಂಡನಿಗೆ ಶಾಲು ಹೊದೆಸುವಾಗ ಹೆಂಡತಿಯನ್ನೂ ಕುರ್ಚಿ ಹಾಕಿ ಕೂರಿಸುವ ಪದ್ಧತಿಯಿದೆ. ಶಾರದಕ್ಕನನ್ನು ಮೇಲೆ ಕರೆದರು. ಗುರುಗಳ ತಲೆಗೆ ಮೈಸೂರು ಪೇಟ ಇಟ್ಟರು. ಅದು ಹುಬ್ಬಿನವರೆಗೆ ಇಳಿಯಿತು. ಮಡಿಲಲ್ಲಿ ಹಣ್ಣಿನ ಬುಟ್ಟಿ ಕೂತಿತು. ಸಮಿತಿಯ ಹದಿನೈದು ಮಂದಿಯೂ ಹಿಂದೆ ನಿಂತರು. ನಿರೂಪಕಿ ಗಡಿಯಾರ ನೋಡಿ, "ಸಮಯದ ಅಭಾವ ಇರೋದ್ರಿಂದ ಸನ್ಮಾನಿತರ ಮಾತನ್ನ ನೆಕ್ಸ್ಟ್ ಟೈಮ್ ಕೇಳೋಣ, ಈಗ ಎಲ್ಲರಿಗೂ ಡಿನ್ನರ್ ರೆಡಿ ಇದೆ, ಒನ್ಸ್ ಅಗೇನ್ ಬಿಗ್ ಹ್ಯಾಂಡ್" ಎಂದಳು. ತೊಂಬತ್ತು ದಾಟಿದವರಿಗೆ ನೆಕ್ಸ್ಟ್ ಟೈಮ್ ಎನ್ನುವ ಆಶಾವಾದ ಆ ವಯಸ್ಸಿನ ಹುಡುಗಿಯರಿಗೆ ಮಾತ್ರ ಸಾಧ್ಯ.

ನಾನು ಸುಕೇಶನ ಕಡೆ ನೋಡಿದೆ. ಅವನು ಊಟದ ಕಡೆ ನೋಡಿದ. ಗುರುಗಳು ಮಾತು ಬರೆದಿಟ್ಟ ಚೀಟಿಗೆಂದು ಜೇಬಿಗೆ ಹಾಕಿದ ಕೈಯನ್ನು ಹೊರತೆಗೆಯಲಾರದೆ ಹಣ್ಣಿನ ಬುಟ್ಟಿಯ ಹಿಂದೆ ಕುಳಿತಿದ್ದರು.

ಆಗ ಎದ್ದವರು ಶಾರದಕ್ಕ. ನಿರೂಪಕಿಯ ಕೈಯಿಂದ ಮೈಕನ್ನು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಂಡಂತೆ, ತೆಗೆದುಕೊಂಡರು. "ಇವರಿಗೆ ಎಂತದೋ ಹೇಳ್ಲಿಕ್ಕುಂಟಂತೆ. ಎರಡು ವಾರದಿಂದ ಮನೆಯಲ್ಲಿ ಬಾಯಿಪಾಠ ಮಾಡ್ತಾ ಇದ್ದಾರೆ, ನಾನು ಬಂದ ಕೂಡ್ಲೆ ನಿಲ್ಲಿಸ್ತಾರೆ. ಊಟ ಎಲ್ಲಿಗೂ ಓಡಿಹೋಗುದಿಲ್ಲ. ಕೂತ್ಕೊಳ್ಳಿ" ಎಂದು ಮೈಕನ್ನು ಗಂಡನ ಮುಂದೆ ಹಿಡಿದರು.

ಗುರುಗಳು ಹೇಳಿದರು. ಪೇಟವನ್ನು ಹಿಂದೆ ಸರಿಸಿಕೊಂಡು, ಪತ್ನಿಯ ಕಡೆ ತಿರುಗಿ, ನಾನು ಹರೆಯದಲ್ಲಿ ಆಡಿದ ಮಾತು ತಪ್ಪು, ಆ ಹೊದಿಕೆ ಸುಂದರವಾಗಿತ್ತು, ಅದನ್ನು ಹೊದ್ದುಕೊಂಡೇ ಆ ಉಪನ್ಯಾಸವನ್ನು ಬರೆದೆ, ಕಣ್ಣಿದ್ದೂ ಕಾಣಲಿಲ್ಲ, ಈ ಮಾತನ್ನು ಇಷ್ಟು ಜನರ ಮುಂದೆ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದರು. ಅಷ್ಟು ಜನ ಎಂದು ಅವರು ಭಾವಿಸಿದ್ದವರ ಬೆನ್ನುಗಳು ಆಗ ಬಿರಿಯಾನಿಯ ದಿಕ್ಕಿನಲ್ಲಿ ಸಾಲುಗಟ್ಟಿದ್ದವು. ಸ್ಪೀಕರಿನಲ್ಲಿ ಮುಂದಿನ ಹಾಡಿನ ಪರೀಕ್ಷೆ ನಡೆಯುತ್ತಿತ್ತು. ಕುರ್ಚಿಯಲ್ಲಿ ಉಳಿದವನು ನಾನೊಬ್ಬ, ಮತ್ತು ನಿದ್ದೆ ಹೋದ ಒಂದು ತಾವರೆ. ಶಾರದಕ್ಕ ಗಂಡನ ಮುಖವನ್ನೇ ನೋಡುತ್ತ, ಮಾತು ಮುಗಿಯುವವರೆಗೆ ಮೈಕು ಹಿಡಿದು ನಿಂತಿದ್ದರು. ಮುಗಿದಾಗ ತಲೆಯಾಡಿಸಿ, ಮೈಕನ್ನು ನಿರೂಪಕಿಗೆ ಹಿಂದಿರುಗಿಸಿದರು.

ಊರಿನ ಒಂದು ಜಾಲಪತ್ರಿಕೆಯಲ್ಲಿ ವರದಿ ಬಂತು. ತಮ್ಮ ಪ್ರಸಿದ್ಧ ಸೌಂದರ್ಯತತ್ತ್ವವನ್ನು ಹಿರಿಯ ಚಿಂತಕರು ತೊಂಬತ್ತರ ಹೊಸ್ತಿಲಲ್ಲಿ ಮತ್ತೊಮ್ಮೆ ಪುನರುಚ್ಚರಿಸಿದರು ಎಂದಿತ್ತು. ಮತ್ತೊಮ್ಮೆ ಎಂದ ಮೇಲೆ ಪುನಃ ಎಂಬುದು ಬೇಕಿಲ್ಲ ಎಂಬುದನ್ನು ಬದಿಗಿಟ್ಟು, ಅವರು ಹೇಳಿದ್ದು ಅದಕ್ಕೆ ನೇರ ವಿರುದ್ಧವೆಂದು ನಾನು ಸಂಪಾದಕರಿಗೆ ವಿವರವಾಗಿ ಬರೆದೆ. ನಾಲ್ಕು ದಿನದ ಮೇಲೆ ತಿದ್ದುಪಡಿ ಪ್ರಕಟವಾಯಿತು: ವರದಿಯಲ್ಲಿ ಮುಖ್ಯ ಅತಿಥಿಗಳ ಹೆಸರಿನ ಹಿಂದೆ ಡಾಕ್ಟರ್ ಎಂಬುದು ಬಿಟ್ಟುಹೋಗಿದ್ದಕ್ಕೆ ವಿಷಾದಿಸಲಾಗಿತ್ತು. ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯ ಎಲ್ಲಿದೆ ಎಂದು ನಾನು ಹುಡುಕಿ ನೋಡಿದೆ. ಅದು ಒಂದು ದರ್ಜಿಯ ಅಂಗಡಿಯ ಮಹಡಿಯಲ್ಲಿದೆ. ನಾಳೆ ಯಾರಾದರೂ ಐದನೆಯ ಮಹಾಪ್ರಬಂಧ ಬರೆದರೆ, ಗುರುಗಳು ಕೊನೆಯಲ್ಲಿ ಮೊದಲಿಗೇ ಮರಳಿದರು ಎಂದು ಈ ವರದಿಯನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಬೇಕಾದರೆ ಮಕ್ಕಳ ತಾವರೆಯ ಫೋಟೋವನ್ನೂ ಆಧಾರವಾಗಿ ಹಚ್ಚುತ್ತಾನೆ.

ಮುಂದಿನ ಶುಕ್ರವಾರ ಬುದಯ್ಯಕ್ಕೆ ಹೋದೆ. ಅವರು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಅಂಗಳದ ಬೇವಿನ ನೆರಳಿನಲ್ಲಿ ಗುರುಗಳು ಕುಳಿತಿದ್ದರು, ಎದುರಿಗೆ ಶಾರದಕ್ಕ ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ವರದಿಯ ಸುದ್ದಿ, ತಿದ್ದುಪಡಿಯ ಸುದ್ದಿ ಹೇಳಿ ನನ್ನ ಕೋಪವನ್ನೆಲ್ಲ ಸುರಿದೆ. ಗುರುಗಳು ಕೈಯಾಡಿಸಿದರು.

"ಹೋಗ್ಲಿ ಬಿಡು. ಪೇಪರಿನವರಿಗೆ ಹೇಳ್ಲಿಕ್ಕೆ ಹೋದದ್ದಲ್ಲ ನಾನು. ಕೇಳ್ಬೇಕಾದವರು ಕೇಳಿದ್ರಲ್ಲ."

ಶಾರದಕ್ಕ ತಲೆ ಎತ್ತಿದರು. "ಹೌದು, ಅವತ್ತು ನೀವು ಎಂತ ಹೇಳಿದ್ದು?"

ನಾವಿಬ್ಬರೂ ಅವರ ಕಡೆ ನೋಡಿದೆವು.

"ನನಗೆ ಒಂದಕ್ಷರ ಕೇಳ್ಲಿಲ್ಲ" ಎಂದರು. "ಆ ಸ್ಪೀಕರಿನ ಗಲಾಟೆಗೆ ತಲೆ ಒಡೆದುಹೋಗ್ತದೆ ಅಂತ ಕಿವಿಯ ಮಿಷನ್ ತೆಗೆದು ಪರ್ಸಿಗೆ ಹಾಕಿದ್ದೆ. ನಿಮ್ಮ ಬಾಯಿ ನಿಲ್ಲುದನ್ನು ನೋಡಿ ಮುಗೀತು ಅಂತ ಗೊತ್ತಾದದ್ದು."

ಗುರುಗಳು ಸಭೆಗಾಗಿ ಸಿದ್ಧಪಡಿಸಿದ್ದ ಆ ವಾಕ್ಯಗಳು ಈ ಅಂಗಳಕ್ಕೆ ದೊಡ್ಡವಾಗಿದ್ದವು. ಅವನ್ನು ಒಂದೊಂದಾಗಿ ಕಳಚಿಡುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು.

"ನಿನ್ನ ಆ ಹೊದಿಕೆ ಚಂದ ಇತ್ತು ಅಂತ ಹೇಳಿದ್ದು" ಎಂದರು.

"ಯಾವ ಹೊದಿಕೆ?"

"ಸೀರೆಯದ್ದು. ನೀನು ಹೊಲಿದದ್ದು."

ಶಾರದಕ್ಕ ಒಂದು ಎಸಳನ್ನು ಸುಲಿದು ಮೊರದ ಬದಿಗೆ ಹಾಕಿದರು. ಇನ್ನೊಂದನ್ನು ಕೈಗೆತ್ತಿಕೊಂಡರು.

"ಅದು ಹರಿದುಹೋಗಿ ಎಷ್ಟೋ ಕಾಲ ಆಯ್ತು. ಈಗ ಯಾವ ಉಪಯೋಗಕ್ಕೂ ಇಲ್ಲ. ಹಾಗಾಗಿ ನಿಮಗೆ ಚಂದ ಕಂಡದ್ದಿರ್ಬೇಕು."

ಗುರುಗಳ ಹೆಗಲು ಅಲುಗತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಕಣ್ಣೊರೆಸಿಕೊಳ್ಳುತ್ತ ಪಕ್ಕದಲ್ಲಿದ್ದ ನನ್ನ ಕಡೆ ಬಾಗಿ, "ಕೇಳಿದೆಯಾ ಮಾರಾಯ? ಇದನ್ನು ಕೇಳಿದೆಯಾ ನೀನು?" ಎಂದರು.